ಮಳೆಗಾಲದ ಮುಂಚೆ ಜನರೇಟರ್ ಸರ್ವಿಸ್ ಯಾರಿಗೆ ಕೊಡೋಣ?

ಕಾರ್ಯದರ್ಶಿ: ಎಲ್ಲರಿಗೂ ನಮಸ್ಕಾರ. ನಮ್ಮ ಕಟ್ಟಡದ ಕೆಳಮಹಡಿಯ ಅಂಗಡಿಗಳು, ಲಿಫ್ಟು, ನೀರಿನ ಪಂಪು ಎಲ್ಲಕ್ಕೂ ಇರುವ 62.5 ಕೆವಿಎ ಜನರೇಟರಿನ ವರ್ಷದ ಕರಾರು ಮೇ ಕೊನೆಗೆ ಮುಗಿಯುತ್ತದೆ. ಹುಬ್ಬಳ್ಳಿಯ ಡೀಲರ್, ಮಡಗಾಂವದವರು, ಕಾರವಾರದ್ದೇ ಮೆಕ್ಯಾನಿಕ್, ಹೀಗೆ ಮೂರು ಕೊಟೇಶನ್ ಬಂದಿವೆ. ಊರಿನವರದ್ದೇ ಕಡಿಮೆ. ಏನು ಮಾಡೋಣ?

ಮನೆ 204: ಕಡಿಮೆ ಇದ್ದರೆ ಅವರಿಗೇ ಕೊಡಿ ಸರ್. ಹತ್ತಿರದವರು, ಕರೆದ ಕೂಡಲೇ ಬರ್ತಾರೆ.

ಅಂಗಡಿ 3, ಮೀನಿನ ಫ್ರೀಜರ್: ಮೊತ್ತ ನೋಡುವ ಮೊದಲು ಅದರೊಳಗೆ ಏನು ಸೇರಿದೆ ಅಂತ ಕೇಳಿ. ಆಯಿಲ್, ಆಯಿಲ್ ಫಿಲ್ಟರ್, ಎರಡೂ ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಕೂಲಂಟ್, ಫ್ಯಾನ್ ಬೆಲ್ಟ್: ಇವು ಸೇರಿವೆಯೋ, ಬರೀ ಕೂಲಿಯೋ? ಆಯಿಲ್ ಎಷ್ಟು ಲೀಟರ್, ಯಾವ ಗ್ರೇಡ್, ಎಷ್ಟು ಗಂಟೆಗೊಮ್ಮೆ ಬದಲು ಅನ್ನುವುದು ಕೊಟೇಶನ್ನಿನಲ್ಲೇ ಬರಬೇಕು. ಎಂಜಿನ್ ಪುಸ್ತಕದಲ್ಲಿ 250 ಗಂಟೆ ಅಂತಿದ್ದರೆ ಅಷ್ಟೇ. ಗಂಟೆ ತುಂಬದಿದ್ದರೂ ವರ್ಷಕ್ಕೊಮ್ಮೆ ಆಯಿಲ್ ಬದಲಾಗಲೇಬೇಕು, ನಿಂತ ಆಯಿಲ್ಲೂ ತೇವ ಹಿಡಿಯುತ್ತದೆ.

ಮನೆ 110: ಡೀಲರ್ ಆದರೆ ಒರಿಜಿನಲ್ ಪಾರ್ಟ್ಸ್ ಸಿಗ್ತದೆ, ಚಿಂತೆ ಇಲ್ಲ ಅಲ್ವಾ?

ಅಂಗಡಿ 3: ಪಾರ್ಟ್ಸ್ ಸರಿ ಅಕ್ಕ, ಆದರೆ ಜುಲೈಯಲ್ಲಿ ಅವರು ಬರುವುದು ಅರಬೈಲ್ ಘಾಟ್ ಇಳಿದು. ಮರ ಬಿದ್ದು ಹೆಸ್ಕಾಂ ಲೈನು ಹೋಗುವ ದಿನವೇ ಘಾಟಿನಲ್ಲೂ ಮರ ಬಿದ್ದಿರುತ್ತದೆ. ಮಡಗಾಂವದವರಿಗೆ ಕಾಳಿ ಸೇತುವೆ ದಾಟಬೇಕು. 2024ರ ಆಗಸ್ಟಿನಲ್ಲಿ ಹಳೇ ಸೇತುವೆ ಕುಸಿದು ಸಂಚಾರ ನಿಂತದ್ದು ಎಲ್ಲರಿಗೂ ಗೊತ್ತು. ಹಾಗಾಗಿ ನನ್ನ ಅಭಿಪ್ರಾಯ: ಮಾಮೂಲಿ ಸರ್ವಿಸ್, ಬ್ರೇಕ್‌ಡೌನ್ ಊರಿನವರಿಗೆ; ಕಂಟ್ರೋಲರ್, ಎಂಜಿನ್ನಿಗೆ ಡೀಸೆಲ್ ತಳ್ಳುವ ಇಂಜೆಕ್ಷನ್ ಪಂಪು, ಇವುಗಳ ಕೆಲಸ ಮಾತ್ರ ಡೀಲರ್‌ಗೆ. ಬೆಲ್ಟ್, ಫಿಲ್ಟರ್ ಸೆಟ್, ಫ್ಯೂಸು ನಮ್ಮ ಪಂಪ್‌ಹೌಸಿನಲ್ಲೇ ಒಂದೊಂದು ಇಟ್ಟುಕೊಳ್ಳೋಣ.

ಮನೆ 204: ಊರಿನವರಿಗೆ ಕೆಲಸ ಬರ್ತದೋ ಇಲ್ಲವೋ ಹೇಗೆ ತಿಳಿಯೋದು?

ಮನೆ 301, ಎಲೆಕ್ಟ್ರಿಕಲ್: ಮೊದಲು ಬಂದು ಯಂತ್ರ ನೋಡಲಿ, ಆಮೇಲೆ ರೇಟು ಹೇಳಲಿ. ಫೋನಿನಲ್ಲೇ ರೇಟು ಹೇಳುವವರನ್ನು ಬಿಟ್ಟುಬಿಡಿ. ಸಮುದ್ರದ ಉಪ್ಪುಗಾಳಿಗೆ ಇಲ್ಲಿ ಮೊದಲು ಹಾಳಾಗುವುದು ಎಂಜಿನ್ ಅಲ್ಲ, ಕರೆಂಟ್ ಹುಟ್ಟಿಸುವ ಭಾಗವಾದ ಆಲ್ಟರ್ನೇಟರ್ ಮತ್ತು ಪ್ಯಾನಲ್. ಟಾರ್ಚ್ ಹಾಕಿ ಎವಿಆರ್, ಅಂದರೆ ವೋಲ್ಟೇಜ್ ಸಮವಾಗಿಡುವ ಸರ್ಕ್ಯೂಟಿನ ಕನೆಕ್ಟರ್ ನೋಡಿ, ಪಿನ್ನುಗಳ ಮೇಲೆ ಹಸಿರು ಪುಡಿ ಕೂತಿರುತ್ತದೆ. ವೋಲ್ಟೇಜ್ ಏರಿಳಿಯಲು ಹಲವು ಸಲ ಅದೇ ಕಾರಣ. ಅದನ್ನು ಸ್ವಚ್ಛ ಮಾಡುವುದು ಬಿಟ್ಟು ಹೊಸ ಎವಿಆರ್ ಹಾಕಿಸುವವರೂ ಇದ್ದಾರೆ. ರೇಡಿಯೇಟರಿನ ತೆಳು ತಗಡಿನ ಫಿನ್ನು ಬೆರಳು ತಾಗಿದರೆ ಉದುರುವಂತಿದ್ದರೆ ಲೋಡಿನಲ್ಲಿ ಎಂಜಿನ್ ಬಿಸಿಯಾಗುತ್ತದೆ.

ಬಂದವರನ್ನು ಒಂದು ಪ್ರಶ್ನೆ ಕೇಳಿ: ಆಲ್ಟರ್ನೇಟರಿನ ತಂತಿ ಸುರುಳಿಗೆ, ಅಂದರೆ ವೈಂಡಿಂಗ್‌ಗೆ, ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹೇಗೆ ಹಾಕುತ್ತೀರಿ? ಗೊತ್ತಿದ್ದವರು ಮೊದಲು ಎವಿಆರ್ ವೈರುಗಳನ್ನು ಬಿಚ್ಚುತ್ತೇವೆ ಅನ್ನುತ್ತಾರೆ. ಹಾಗೆ ಮಾಡದೆ ಮೆಗ್ಗರಿನ 500 ವೋಲ್ಟ್ ಕೊಟ್ಟರೆ ಎವಿಆರ್ ಸುಟ್ಟುಹೋಗಬಹುದು. ರೀಡಿಂಗ್ 1 ಮೆಗಾಓಮ್‌ಗಿಂತ ಕೆಳಗಿದ್ದರೆ ವೈಂಡಿಂಗ್ ಒಣಗಿಸದೆ ಓಡಿಸಬಾರದು. ನ್ಯೂಟ್ರಲ್ ಟರ್ಮಿನಲ್ ಬಿಗಿ ನೋಡುತ್ತಾರೋ ಅಂತಲೂ ಗಮನಿಸಿ. ಅದು ಸಡಿಲವಾದರೆ ಒಂದು ಫೇಸಿನಲ್ಲಿ ವೋಲ್ಟೇಜ್ ಏರಿ ಫ್ರೀಜರ್, ಟೀವಿ ಎಲ್ಲ ಹೋಗುತ್ತದೆ.

ಕಾರ್ಯದರ್ಶಿ: ವಾಚ್‌ಮನ್ ವಾರಕ್ಕೊಮ್ಮೆ ಹತ್ತು ನಿಮಿಷ ಚಾಲೂ ಮಾಡ್ತಾನೆ. ಅದು ಸಾಕಲ್ಲ?

ಮನೆ 301: ಲೋಡ್ ಇಲ್ಲದೆ ಓಡಿಸಿದರೆ ಉಪಕಾರಕ್ಕಿಂತ ಹಾನಿಯೇ ಹೆಚ್ಚು ಸರ್. ಎಂಜಿನ್ ಬಿಸಿಯಾಗದೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಸೈಲೆನ್ಸರಿನಿಂದ ಕಪ್ಪು ಎಣ್ಣೆ ತೊಟ್ಟಿಕ್ಕುತ್ತದೆ. ನಮ್ಮ 62.5 ಕೆವಿಎ ಸೆಟ್ ಅಂದರೆ 50 ಕಿಲೋವ್ಯಾಟಿನದು. ಕನಿಷ್ಠ 15 ಕಿಲೋವ್ಯಾಟ್ ಲೋಡ್ ಹಾಕಿ ಅರ್ಧ ತಾಸು ಓಡಲಿ. ಪಂಪು, ಲಿಫ್ಟು, ಫ್ರೀಜರ್ ಎಲ್ಲ ಆ ಹೊತ್ತಿಗೆ ಇಟ್ಟುಕೊಳ್ಳಿ. ಬ್ಯಾಟರಿ ಸ್ಟಾರ್ಟ್ ಮಾಡುವಾಗ 9.6 ವೋಲ್ಟ್‌ಗಿಂತ ಕೆಳಗಿಳಿದರೆ ಮಳೆಗಾಲಕ್ಕೆ ಮುಂಚೆ ಬದಲಿಸಿ.

ಮನೆ 110: ಡೀಸೆಲ್ ಟ್ಯಾಂಕ್ ಅರ್ಧ ಖಾಲಿ ಇದೆ. ಮಳೆ ಶುರುವಾದ ಮೇಲೆ ತುಂಬಿಸೋಣ್ವಾ?

ಅಂಗಡಿ 3: ಬೇಡ ಅಕ್ಕ, ಈಗಲೇ ತುಂಬಿಸಿ. ಖಾಲಿ ಜಾಗದ ಗಾಳಿಯ ತೇವವೇ ನೀರಾಗಿ ಕೆಳಗೆ ನಿಲ್ಲುವುದು. ತುಂಬುವ ಮೊದಲು ಟ್ಯಾಂಕಿನ ಅಡಿಯ ಡ್ರೈನ್ ಬಿಚ್ಚಿ ಗಾಜಿನ ಬಾಟಲಿಗೆ ಸ್ವಲ್ಪ ಹಿಡಿಯಿರಿ. ಹತ್ತು ನಿಮಿಷ ಬಿಟ್ಟು ತಳದಲ್ಲಿ ನೀರು ಬೇರೆಯಾಗಿ ಕಂಡರೆ, ಶುದ್ಧ ಡೀಸೆಲ್ ಬರುವವರೆಗೂ ಬಿಡಬೇಕು. ಡೀಸೆಲ್ಲಿನಿಂದ ನೀರು ಬೇರ್ಪಡಿಸುವ ವಾಟರ್ ಸೆಪರೇಟರ್ ಡ್ರೈನೂ ಅದೇ ದಿನ ಮುಗಿಸಿ. ಕೊಟೇಶನ್ ಕೊಟ್ಟವರನ್ನು ಭಾನುವಾರ ಕರೆದು ಈ ಕೆಲಸ ನಮ್ಮೆದುರೇ ಮಾಡಿಸೋಣ.