ಕಾಫಿ ಲೋಡ್ ಮಾಡೋಕೆ ಮುಂಚೆ ಲಾರಿದು ಏನೇನ್ ಚೆಕ್ ಮಾಡ್ತೀರಾ?

ಮಾದಾಪುರ ತೋಟ
ಎಲ್ರಿಗೂ ನಮಸ್ಕಾರ. ನಮ್ದು ಮಾದಾಪುರದ ಹತ್ರ ಸಣ್ಣ ತೋಟ, ಅರೇಬಿಕಾ. ಈ ಸಲ ಪಾರ್ಚ್‌ಮೆಂಟು (ಹೊಟ್ಟು ಸಮೇತ ಒಣಗಿಸಿದ ಕಾಫಿ ಬೀಜ) 160 ಚೀಲ ಆಗಿದೆ, 50 ಕೆಜಿ ಲೆಕ್ಕ ಹಾಕಿದ್ರೆ 8 ಟನ್ನು, ಹಾಸನಕ್ಕೆ ಕ್ಯೂರಿಂಗ್‌ಗೆ, ಅಂದ್ರೆ ಹೊಟ್ಟು ಬಿಡಿಸೋಕೆ ಕಳಿಸ್ಬೇಕು. ಹೋದ್ವರ್ಷ ಬ್ರೋಕರ್ ಹತ್ರ ಫೋನಲ್ಲೇ ಮಾತಾಡಿ ಮುಗಿಸಿದ್ದೆ, ಲಾರಿ ಬಂತು, ತುಂಬಿದ್ವಿ, ಶನಿವಾರಸಂತೆ ದಾಟಿ ಒಂದು ತಿರುವಲ್ಲಿ ಬ್ರೇಕ್ ಹಿಡೀದೆ ಚರಂಡಿಗೆ ವಾಲ್ಕೊಂಡು ನಿಂತಿದೆ, ಅವತ್ತೇ ಆ ಅಕಾಲ ಮಳೆ ಬೇರೆ. 23 ಚೀಲ ನೆಂದು ಹೋಯ್ತು. ಆಮೇಲೆ ನೋಡಿದ್ರೆ ಆ ಲಾರಿ ಎಫ್‌ಸಿ (ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಫಿಟ್‌ನೆಸ್ ಸರ್ಟಿಫಿಕೇಟು) ಮುಗಿದು ನಾಲ್ಕು ತಿಂಗಳಾಗಿತ್ತು. ಏಜೆನ್ಸಿಯವ್ರು ಲಾರಿ ನಮ್ದಲ್ಲ ಓನರ್‌ನ ಕೇಳಿ ಅಂದ್ರು, ಓನರ್ ಬುಕಿಂಗ್ ನಂದಲ್ಲ ಏಜೆನ್ಸೀಲಿ ಕೇಳಿ ಅಂದ. ಗಂಡ ಹೆಂಡ್ತಿ ಜಗಳದಲ್ಲಿ ಕೂಸು ಬಡವಾದಂಗೆ ನನ್ ಕತೆ.

ಟ್ರಾನ್ಸ್‌ಪೋರ್ಟ್ ಕಂಪನಿ ಹೆಸ್ರು ಹಾಕಿದ್ರೆ ರಿಜಿಸ್ಟ್ರೇಷನ್ನು, ಹಳೇ ಆಕ್ಸಿಡೆಂಟು, ಕೇಸು ಎಲ್ಲ ಒಂದೇ ಕಡೆ ಸಿಗೋ ತರ ಏನಾದ್ರೂ ಇದ್ಯಾ? ಗೊತ್ತಿದ್ದೋರು ಹೇಳಿ.

ಕೆಎ 12 ಲಾರಿವಾಲ
ಅಣ್ಣ, ಕಂಪನಿ ಹೆಸ್ರು ಬಿಡಿ, ಲಾರಿ ನಂಬರ್ ಹಿಡೀರಿ. ನಾನು ಎರಡು ಗಾಡಿ ಇಟ್ಕೊಂಡೋನು, ಒಳಗಿನ ವಿಷ್ಯ ಹೇಳ್ತೀನಿ. ಬೋರ್ಡ್ ಹಾಕ್ಕೊಂಡಿರೋ ಎಷ್ಟೋ ಏಜೆನ್ಸಿಗೆ ಸ್ವಂತ ಲಾರಿನೇ ಇರಲ್ಲ, ಲೋಡ್ ಸಿಕ್ಕಿದ್ಮೇಲೆ ನಮ್ಮಂತೋರಿಗೆ ಫೋನ್ ಮಾಡ್ತಾರೆ.

ಎಂಪರಿವಾಹನ್ ಆಪಲ್ಲಿ ನಂಬರ್ ಹಾಕಿದ್ರೆ ರಿಜಿಸ್ಟ್ರೇಷನ್ ಡೇಟು, ಎಫ್‌ಸಿ ಯಾವತ್ತಿನವರೆಗೆ, ಇನ್ಶೂರೆನ್ಸು, ಎಮಿಷನ್ನು ಎಲ್ಲ ಬರುತ್ತೆ. ಓನರ್ ಹೆಸರಲ್ಲಿ ಮಧ್ಯ ಮಧ್ಯ ಚುಕ್ಕಿ ಇರುತ್ತೆ, ಅಷ್ಟಾದ್ರೂ ಮೊದಲ ಅಕ್ಷರ ತಾಳೆ ನೋಡ್ಬೋದು. ಗಾಡಿಗೆ ಎಂಟು ವರ್ಷ ಆದ್ಮೇಲೆ ವರ್ಷ ವರ್ಷ ಎಫ್‌ಸಿ ಮಾಡಿಸ್ಬೇಕು, ಹಳೇ ಗಾಡಿಯವ್ರು ಜಾರ್ಕೊಳ್ಳೋದು ಅಲ್ಲೇ. ಆರ್‌ಸೀಲಿ ಒಟ್ಟು ತೂಕ, ಖಾಲಿ ಗಾಡಿ ತೂಕ ಎರಡೂ ಇರುತ್ತೆ, ಕಳೆದ್ರೆ ಎಷ್ಟು ಟನ್ ಹಾಕ್ಬೋದು ಅಂತ ಬಂತು. ಬರೀ ನಿಮ್ಮ 8 ಟನ್ ಅಲ್ಲ, ದಾರೀಲಿ ಇನ್ನೊಬ್ರದ್ದೂ ತುಂಬ್ತಾನಾ ಕೇಳಿ. ಓವರ್‌ಲೋಡ್ ಸಿಕ್ಬಿದ್ರೆ 20 ಸಾವಿರ ದಂಡ, ಮೇಲೆ ಹೆಚ್ಚಿಗೆ ಇರೋ ಒಂದೊಂದು ಟನ್ನಿಗೆ 2 ಸಾವಿರ, ಆಮೇಲೆ ಹೆಚ್ಚಿಗೆ ಇರೋ ಮಾಲು ಅಲ್ಲೇ ಇಳಿಸ್ಬೇಕು.

ಚಲನ್ ಎಷ್ಟಿದೆ ನೋಡೋಕೆ ಬೇರೆ ಸೈಟು, ಅಲ್ಲಿ ಚಾಸಿ ಅಥವಾ ಎಂಜಿನ್ ನಂಬರಿನ ಕೊನೇ ಐದು ಅಂಕೆ ಕೇಳುತ್ತೆ, ಅದನ್ನ ಓನರ್ ಹತ್ರನೇ ಇಸ್ಕೋಬೇಕು. ಕೊಡೋಕೆ ಹಿಂದೆ ಮುಂದೆ ನೋಡಿದ್ರೆ ಅದೇ ಉತ್ತರ.

ಮುಖ್ಯವಾಗಿ ಇನ್ನೊಂದು: ವಾಟ್ಸಾಪಲ್ಲಿ ಒಂದು ಲಾರಿ ಫೋಟೋ ಬರುತ್ತೆ, ಕಣಕ್ಕೆ ಇನ್ನೊಂದು ಲಾರಿ ಬರುತ್ತೆ. ಅದಕ್ಕೆ ಮೊದಲ ಚೀಲ ಏರೋ ಮುಂಚೆ ಎದುರಿಗೆ ನಿಂತಿರೋ ಗಾಡಿ ನಂಬರ್ ಇನ್ನೊಂದ್ಸಲ ಹಾಕಿ ನೋಡಿ. ಹಂಗೇ ಹಿಂದಿನ ಒಳಗಿನ ಟೈರಿಗೆ ಟಾರ್ಚ್ ಬಿಟ್ಟು ನೋಡಿ. ಹೊರಗಿನ ಟೈರು ಚೆನ್ನಾಗಿರೋದು ಹಾಕಿ ಒಳಗೆ ತಂತಿ ಕಾಣೋದನ್ನ ಓಡಿಸೋರು ಇದ್ದಾರೆ.

ನೈಟ್ ಶಿಫ್ಟ್ ಕುಶಾಲನಗರ
ನೀವು ಕೇಳಿದ ತರದ್ದು ಅಮೆರಿಕದಲ್ಲಿದೆ ಸರ್. ನಾನು ರಾತ್ರಿ ಅಲ್ಲಿನ ಟ್ರಕ್ಕುಗಳಿಗೆ ಡಿಸ್ಪ್ಯಾಚ್ ಕೆಲಸ ಮಾಡ್ತೀನಿ, ದಿನಾ ಇದೇ ನೋಡೋದು. ಅಲ್ಲಿ ರಾಜ್ಯದಿಂದ ರಾಜ್ಯಕ್ಕೆ ಓಡೋ ಕಂಪನಿಗೆ ಅಲ್ಲಿನ ಸಾರಿಗೆ ಇಲಾಖೆ ಕೊಡೋ ಡಾಟ್ (DOT) ನಂಬರ್ ಅಂತಿರುತ್ತೆ, ಗಾಡಿ ಬಾಗಿಲ ಮೇಲೇ ಬರ್ದಿರುತ್ತೆ. ಸೇಫರ್ ಅನ್ನೋ ಸರ್ಕಾರಿ ಸೈಟಲ್ಲಿ ಅದನ್ನ ಹಾಕಿದ್ರೆ ಎಷ್ಟು ಟ್ರಕ್ಕು, ಎಷ್ಟು ಡ್ರೈವರ್ರು, 24 ತಿಂಗಳಲ್ಲಿ ಎಷ್ಟು ಸಲ ತಪಾಸಣೆ ಆಯ್ತು, ಅದರಲ್ಲಿ ಎಷ್ಟು ಸಲ ಗಾಡೀನ ಅಲ್ಲೇ ನಿಲ್ಸಿದ್ರು, ಎಷ್ಟು ಆಕ್ಸಿಡೆಂಟು, ಎಲ್ಲ ಪುಕ್ಕಟೆ. ಆದ್ರೆ ಆಕ್ಸಿಡೆಂಟ್ ಲೆಕ್ಕದಲ್ಲಿ ತಪ್ಪು ಯಾರ್ದು ಅಂತ ಇರಲ್ಲ, ಸುಮ್ನೆ ನಿಂತಿದ್ದ ಟ್ರಕ್ಕಿಗೆ ಯಾರೋ ಬಂದು ಗುದ್ದಿದ್ರೂ ಅದರಲ್ಲಿ ಸೇರುತ್ತೆ. ಸರ್ಕಾರ ಕೊಡೋ ಸೇಫ್ಟಿ ರೇಟಿಂಗ್ ಅನ್ನೋದೂ ಎಷ್ಟೋ ಕಂಪನಿಗೆ ಕೊಟ್ಟೇ ಇರಲ್ಲ. ಹೆಸ್ರು ಕೆಟ್ಟೋರು ಕಂಪನಿ ಮುಚ್ಚಿ ಅದೇ ಟ್ರಕ್ಕು ಇಟ್ಕೊಂಡು ಹೊಸ ನಂಬರ್ ತಗೊಳ್ಳೋದೂ ನಡೆಯುತ್ತೆ, ಅಂತೋರಿಗೆ ಅಲ್ಲಿ ಗೋಸುಂಬೆ ಅಂತಾನೇ ಕರೀತಾರೆ. ನಂಬರ್ ಹೊಸದು, ಡ್ರೈವರ್ ಹಳಬ ಅಂದ್ರೆ ನಾವು ಲೋಡ್ ಕೊಡಲ್ಲ.

ಕೋರ್ಟ್ ರೋಡ್
ಇಲ್ಲೂ ಕಾನೂನು ಇದೆ, ಯಾರೂ ಕೇಳಲ್ಲ ಅಷ್ಟೇ. 2007ರ ಕ್ಯಾರೇಜ್ ಬೈ ರೋಡ್ ಆಕ್ಟು, ಜಾರಿಗೆ ಬಂದಿದ್ದು 2011ರಲ್ಲಿ. ಸಾರ್ವಜನಿಕರ ಮಾಲು ಬುಕ್ ಮಾಡ್ಕೊಂಡು ಸಾಗಿಸೋ ಏಜೆನ್ಸಿ ರಿಜಿಸ್ಟರ್ ಆಗಿರ್ಲೇಬೇಕು, ಸರ್ಟಿಫಿಕೇಟಿಗೆ ಹತ್ತು ವರ್ಷ ಅವಧಿ. ಬ್ರೋಕರೂ ಇದರಲ್ಲಿ ಬರ್ತಾನೆ, ಸೋ ಲಾರಿ ನಮ್ದಲ್ಲ ಅಂತ ಕೈ ತೊಳ್ಕೊಳ್ಳೋಕೆ ಬರಲ್ಲ. ಆದ್ರೆ ಎಲ್‌ಆರ್, ಅಂದ್ರೆ ಮಾಲು ಬುಕ್ ಆಗಿದ್ದಕ್ಕೆ ಏಜೆನ್ಸಿ ಕೊಡೋ ಲಾರಿ ರಸೀದಿ ಇರ್ಬೇಕು. ನಿಮ್ಮತ್ರ ಎಲ್‌ಆರ್ ಇತ್ತಾ? ಇನ್ನೊಂದು, ಮಾಲಿನ ಬೆಲೆ ಬರೆಸದೆ ಇದ್ರೆ ಅವ್ರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಂತುಹೋಗುತ್ತೆ. 12 ಸಾವಿರ ಬಾಡಿಗೆ ಅಂದ್ರೆ 1 ಲಕ್ಷ 20 ಸಾವಿರ, 160 ಚೀಲದ ಬೆಲೆ ಎಷ್ಟು ಅಂತ ನಿಮಗೇ ಗೊತ್ತು. ಹೆಚ್ಚಿನ ಬೆಲೆ ಬರೆಸಿದ್ರೆ ಬಾಡಿಗೆ ಜಾಸ್ತಿ ಕೇಳ್ತಾರೆ, ಕೇಳ್ಲಿ. ನಷ್ಟ ಆದ್ರೆ ಬುಕಿಂಗ್ ಆದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡ್ಬೇಕು.

ಮಾದಾಪುರ ತೋಟ
ಎಲ್‌ಆರ್ ಎಲ್ಲಿಂದ ಸರ್, ಬಿಳೀ ಚೀಟೀಲಿ ಚೀಲದ ಲೆಕ್ಕ ಬರ್ಕೊಟ್ಟಿದ್ದ. 180 ದಿನಾನೂ ಹೋಯ್ತು. ಆಪಲ್ಲಿ ಇನ್ಶೂರೆನ್ಸ್ ಚಾಲ್ತಿ ಇದೆ ಅಂತ ಬಂದ್ರೆ ಮಾಲಿಗೂ ಸಿಗುತ್ತಲ್ವಾ?

ಕೆಎ 12 ಲಾರಿವಾಲ
ಇಲ್ಲಣ್ಣ, ಅದು ಗಾಡೀದು ಮತ್ತೆ ಗುದ್ದಿಸ್ಕೊಂಡೋರಿಗೆ. ಒಳಗಿರೋ ಕಾಫಿಗೆ ಬೇರೆ, ಟ್ರಾನ್ಸಿಟ್ ಇನ್ಶೂರೆನ್ಸ್ ನೀವೇ ಮಾಡಿಸ್ಬೇಕು.

ಸೋಮವಾರಪೇಟೆ ಗೌಡ
ಇಷ್ಟೆಲ್ಲ ಕೇಳ್ತಾ ಕೂತ್ರೆ ಸೀಸನ್ನಲ್ಲಿ ಯಾವ ಲಾರಿನೂ ನಮ್ಮನೆ ಕಡೆ ತಿರುಗಲ್ಲ ಮಾರಾಯ್ರೆ. ನಮ್ಮ ಮಣ್ಣಿನ ರಸ್ತೆಗೆ ಬರ್ತಾನೆ ಅನ್ನೋದೇ ದೊಡ್ಡದು. ನಾನು ನೋಡೋದು ಡ್ರೈವರ್ ಮುಖ, ಟರ್ಪಾಲು, ಅಷ್ಟೇ. ಕುಡ್ಕೊಂಡು ಬಂದಿದ್ರೆ ಕಾಫಿ ಕೊಟ್ಟು ವಾಪಸ್.

ಕೆಎ 12 ಲಾರಿವಾಲ
ಗೌಡ್ರೇ, ಹಿಂಗೆ ಕೇಳದೆ ತುಂಬೋದ್ರಿಂದ್ಲೇ ಎಫ್‌ಸಿ ಮಾಡಿಸಿರೋ ನಮಗೆ ಬಾಡಿಗೆ ಸಿಗ್ತಿಲ್ಲ. ಪೇಪರ್ ಸರಿ ಇಲ್ದೋನು ಎರಡು ಸಾವಿರ ಕಮ್ಮಿ ಹೇಳ್ತಾನೆ, ನೀವು ಅವನನ್ನೇ ಕರೀತೀರಾ.

ಮಾದಾಪುರ ತೋಟ
ಅಪ್‌ಡೇಟ್. ಇವತ್ತು ಬೆಳಗ್ಗೆ ಲಾರಿ ಬಂತು, ನಿನ್ನೆ ಕಳಿಸಿದ್ದ ನಂಬರ್ ಅಲ್ಲ. ಕಣದಲ್ಲಿ ನೆಟ್‌ವರ್ಕ್ ಸಿಗಲ್ಲ, ಪಲ್ಪರ್ ಮನೆ ಹಿಂದಿನ ದಿಬ್ಬ ಹತ್ತಿ ನಂಬರ್ ಹಾಕ್ದೆ, ಎಫ್‌ಸಿ ಮುಗಿದು ಒಂಬತ್ತು ದಿನ. ಡ್ರೈವರ್ ಪಾಪ ಒಳ್ಳೆ ಹುಡುಗ, ನಂಗೆ ಗೊತ್ತಿಲ್ಲ ಅಣ್ಣ ಹೋಗು ಅಂದ್ರು ಬಂದೆ ಅಂದ. ಕೆಲಸದವ್ರು ನಾಲ್ಕು ಜನ ಚೀಲ ಹೊರೋಕೆ ರೆಡಿ ನಿಂತಿದ್ರು, ಅವ್ರಿಗೆ ಅರ್ಧ ದಿನದ ಕೂಲಿ ಕೊಟ್ಟೆ. ಏಜೆನ್ಸಿಯವ್ರು ಮೊದಲು ರೇಗಾಡಿ ಆಮೇಲೆ ನಾಳೆಗೆ ಬೇರೆ ಗಾಡಿ ಒಪ್ಕೊಂಡಿದಾರೆ, ಎಲ್‌ಆರಲ್ಲಿ ಬೆಲೆ ಬರ್ಯೋಕೆ 900 ರೂಪಾಯಿ ಜಾಸ್ತಿ. ಒಳಗಿನ ಟೈರಿಗೆ ಟಾರ್ಚ್ ಬಿಡೋದು ನಾಳೆ ನೆನಪು ಮಾಡಿ.