ಪ್ರೋಟೀನಿಗೆ ‘ಕಿಲುಬು’ ಹಿಡಿಯಿತು ಅನ್ನಬಹುದೇ? ಉತ್ಕರ್ಷಣ, ರೂಪಾಂತರ ಪದಗಳ ಬಗ್ಗೆ

ಗೆಳೆಯರೇ,

ಎಎಲ್‌ಎಸ್ ರೋಗಿಗಳ ಮನೆಯವರು ಓದುವಂಥ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಎರಡು ಪದಗಳ ಹತ್ತಿರ ಬಂದು ನಿಂತಿದ್ದೇನೆ. ನಿಮ್ಮ ಸಲಹೆ ಬೇಕು.

ಮೊದಲು ವಿಷಯ ಹೇಳಿಬಿಡುತ್ತೇನೆ. ಮಿದುಳು ಮತ್ತು ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತಾ ಹೋಗುವ ಕಾಯಿಲೆ ಇದು. ಕೆಲವು ಮನೆತನಗಳಲ್ಲಿ ವಂಶಪಾರಂಪರ್ಯವಾಗಿ ಬರುತ್ತದೆ. ಅದಕ್ಕೆ ಕಾರಣವಾದ ಜೀನ್ ಮೊದಲು ಸಿಕ್ಕಿದ್ದು 1993ರಲ್ಲಿ, ಹೆಸರು ಎಸ್‌ಒಡಿ-1. ತಮಾಷೆ ನೋಡಿ, ಈ ಜೀನ್‌ನಿಂದ ತಯಾರಾಗುವ ಪ್ರೋಟೀನಿನ ಕೆಲಸವೇ ಆಕ್ಸಿಜನ್ನಿನ ಕಾಟ ತಡೆಯುವುದು. ಕೋಶದಲ್ಲಿ ಹುಟ್ಟುವ ಸೂಪರಾಕ್ಸೈಡ್ ಅನ್ನುವ ಆಕ್ಸಿಜನ್ನಿನ ಕಾಟದ ರೂಪವನ್ನು ಅದು ಆಕ್ಸಿಜನ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಬದಲಿಸುತ್ತದೆ.

153 ಅಮೈನೋ ಆಮ್ಲಗಳ ಸರ ಅದು. ನಾಲ್ಕನೇ ಜಾಗದಲ್ಲಿ ಅಲನೈನ್ ಬದಲು ವ್ಯಾಲಿನ್ ಬಂದು ಕೂತರೆ ಸಾಕು, ಬಹಳ ಬೇಗ ಉಲ್ಬಣಿಸುವ ಎಎಲ್‌ಎಸ್ ಬರಬಹುದು. ಅಮೆರಿಕದ ಕುಟುಂಬಗಳಲ್ಲಿ ಇದು ಜಾಸ್ತಿ. ಇದು ಮ್ಯುಟೇಶನ್, ಅಂದರೆ ಜೀನ್‌ನಲ್ಲೇ ಆದ ಬದಲಾವಣೆ, ಹುಟ್ಟಿನಿಂದ ಬಂದದ್ದು. ಆಮೇಲೆ ನಡೆಯುವುದು ಬೇರೆ: 111ನೇ ಜಾಗದ ಸಿಸ್ಟೀನ್, 32ನೇ ಜಾಗದ ಟ್ರಿಪ್ಟೊಫಾನ್ ಆಕ್ಸಿಜನ್ನಿನ ದಾಳಿಗೆ ಸಿಗುತ್ತವೆ. ಪ್ರೋಟೀನಿನ ಮಡಿಕೆ ಸಡಿಲವಾಗಿ, ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತವೆ. ಮ್ಯುಟೇಶನ್ ಇಲ್ಲದ ಪ್ರೋಟೀನಿಗೂ ಲ್ಯಾಬಿನಲ್ಲಿ ಆಕ್ಸಿಜನ್ ಪೆಟ್ಟು ಕೊಟ್ಟರೆ ಹೆಚ್ಚುಕಡಿಮೆ ಇದೇ ಗತಿ.

ಈಗ ಪದಗಳು. ಕೊರೊನಾ ಬಂದ ಮೇಲೆ ಮ್ಯುಟೇಶನ್‌ಗೆ ‘ರೂಪಾಂತರ’ ಅನ್ನುವುದು ಎಲ್ಲರ ಬಾಯಲ್ಲೂ ಬಂತು. ಆದರೆ ಇಲ್ಲಿ ಆಕ್ಸಿಜನ್ ಪೆಟ್ಟಿನಿಂದಲೂ ರೂಪ ಕೆಡುತ್ತದೆ. ಎರಡೂ ಬೆರೆತುಹೋಗುತ್ತವೆ ಅಲ್ವಾ? ಪಠ್ಯಪುಸ್ತಕದ ‘ಉತ್ಪರಿವರ್ತನೆ’ ಸ್ಪಷ್ಟವಾಗಿದೆ, ಆದರೆ ತೀರಾ ಭಾರ. ಸುಮ್ನೆ ‘ಮ್ಯುಟೇಶನ್’ ಅಂತಲೇ ಉಳಿಸಿಕೊಳ್ಳುತ್ತೇನೆ.

ನಿಜವಾದ ತೊಡಕು ‘ಉತ್ಕರ್ಷಣ’, ಅಂದರೆ ಈ ಆಕ್ಸಿಜನ್ ಪೆಟ್ಟಿಗೆ (ಆಕ್ಸಿಡೇಶನ್‌ಗೆ) ಪಠ್ಯಪುಸ್ತಕದಲ್ಲಿರುವ ಪದ. ಉತ್ಕರ್ಷ ಅಂದರೆ ಏಳಿಗೆ ಅಂತ ಗೊತ್ತಿರುವವರಿಗೆ ‘ಪ್ರೋಟೀನಿನ ಉತ್ಕರ್ಷಣ’ ಅಂದರೆ ಏನೋ ಒಳ್ಳೆಯದಾಯಿತು ಅನ್ನಿಸುತ್ತದೆ! ‘ತುಕ್ಕು’ ಅಂದರೆ ಕಬ್ಬಿಣದ ನೆನಪು. ಈ ಪ್ರೋಟೀನಿನ ಒಡಲಲ್ಲಿ ತಾಮ್ರ, ಸತುವು ಇರುವುದರಿಂದ ‘ಕಿಲುಬು’ ಚೆನ್ನಾಗಿ ಕಂಡಿತು. ಆದರೆ ನಾನು ಹೇಳಿದ ಪೆಟ್ಟು ಬೀಳುವುದು ತಾಮ್ರದ ಮೇಲಲ್ಲ. ಮೇಲಾಗಿ ಕಿಲುಬನ್ನು ಹುಣಸೆಹಣ್ಣು ಹಾಕಿ ಉಜ್ಜಿದರೆ ಹೋಗುತ್ತದೆ. ಓದಿದವರು ಹಾಗೆ ಉಜ್ಜಿ ತೆಗೆಯುವ ಮಾತ್ರೆ ಹುಡುಕಿಕೊಂಡು ಹೋದರೆ? ಆಕ್ಸಿಜನ್ ಪೆಟ್ಟು ತಡೆಯುವ ವಿಟಮಿನ್ ಇ ಕೊಟ್ಟು ನಡೆಸಿದ ಪರೀಕ್ಷೆಗಳಲ್ಲಿ ಎಎಲ್‌ಎಸ್ ರೋಗಿಗಳ ಆಯಸ್ಸು ಹೆಚ್ಚಿದ್ದು ಕಾಣಲಿಲ್ಲ. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟೋಫರ್ಸೆನ್ ಔಷಧಿ ಕೂಡ ಪ್ರೋಟೀನನ್ನು ತೊಳೆಯುವುದಿಲ್ಲ, ಅದು ತಯಾರಾಗುವುದನ್ನೇ ತಗ್ಗಿಸುತ್ತದೆ.

ಎಣ್ಣೆ ಹಳತಾದರೆ ‘ಕಮಟು’ ಅಂತೀವಿ. ಅದೂ ಆಕ್ಸಿಜನ್ನಿನದೇ ಕೆಲಸ, ಮತ್ತೆ ಸರಿಮಾಡಲು ಬರುವುದಿಲ್ಲ. ಮನಸ್ಸು ಆ ಕಡೆ ವಾಲಿದೆ, ಆದರೆ ಅದು ವಾಸನೆಗೆ ಅಂಟಿಕೊಂಡ ಮಾತು. ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರೇ, ಗಾಳಿಗೆ ಬಿಟ್ಟ ಪದಾರ್ಥ ಕೆಡುವುದಕ್ಕೆ ನಿಮ್ಮಲ್ಲಿ ಬೇರೆ ಮಾತಿದೆಯೇ? ಕೆಟ್ಟದ್ದು ಮತ್ತೆ ಸರಿಹೋಗದು ಅನ್ನುವ ಧ್ವನಿ ಅದರಲ್ಲಿದ್ದರೆ ಖಂಡಿತ ಬರೆಯಿರಿ.