ಸಂಶೋಧನಾ ಪ್ರಬಂಧದಲ್ಲಿ ಆಕರಗಳನ್ನು ಸರಿಯಾಗಿ ಕೊಡುವುದು ಹೇಗೆ? ಬಲ್ಲವರು ತಿಳಿಸಿ

ಪ್ರಶ್ನೆ: ಡಿಗ್ರಿ ಕೊನೆಯ ವರ್ಷದ ಸಂಶೋಧನಾ ಪ್ರಬಂಧವನ್ನು ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಶೈಲಿಯಲ್ಲಿ ಕೊಡಬೇಕಿದೆ. ಮೊದಲ ಕರಡಿನ ಮೇಲೆ ಗೈಡ್ "ಆಕರಗಳು ಸರಿಯಿಲ್ಲ" ಎಂದಷ್ಟೇ ಬರೆದು ವಾಪಸ್ ಕೊಟ್ಟಿದ್ದಾರೆ. ಕೊನೆಯಲ್ಲಿ 30 ಆಕರಗಳ ಪಟ್ಟಿ ಹಾಕಿದ್ದೇನೆ, ಅದರಲ್ಲಿ ಅರ್ಧ ಬರೀ ಲಿಂಕ್. ನೋಟ್ಸ್‌ನಲ್ಲಿ ಪುಟಸಂಖ್ಯೆ ಬರೆದುಕೊಂಡಿಲ್ಲ. ಎಲ್ಲಿಂದ ಸರಿಪಡಿಸಲಿ? ಸಾಫ್ಟ್‌ವೇರ್ ಬಳಸಿದರೆ ಸಾಕೇ?

ಉತ್ತರ: ಪಟ್ಟಿಯನ್ನು ಸದ್ಯಕ್ಕೆ ಮುಟ್ಟಬೇಡಿ. ಕೆಲಸ ಇರುವುದು ಪ್ರಬಂಧದ ಒಳಗೆ. ಕರಡಿನ ಒಂದು ಪ್ರತಿ ತೆಗೆದುಕೊಂಡು ಮೂರು ಬಣ್ಣ ಹಚ್ಚಿ. ಬೇರೆಯವರ ಮಾತನ್ನು ಇದ್ದ ಹಾಗೆ ಎತ್ತಿಕೊಂಡಿದ್ದಕ್ಕೆ ಒಂದು, ಬೇರೆಯವರ ವಿಚಾರವನ್ನೋ ಅಂಕಿಅಂಶವನ್ನೋ ನಿಮ್ಮ ಮಾತಿನಲ್ಲಿ ಹೇಳಿದ್ದಕ್ಕೆ ಇನ್ನೊಂದು, ನಿಮ್ಮದೇ ತರ್ಕಕ್ಕೆ ಮತ್ತೊಂದು. ಮೊದಲ ಎರಡಕ್ಕೂ ಆಕರ ಬೇಕೇ ಬೇಕು. ಪದ ಬದಲಾಯಿಸಿದ ಮೇಲೆ ಆಕರ ಬೇಡ ಎಂದು ತುಂಬಾ ಜನ ತಿಳಿದಿರುತ್ತಾರೆ, ಅದು ತಪ್ಪು. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ ಎಂಬಂಥ ಎಲ್ಲರಿಗೂ ಗೊತ್ತಿರುವ ಸಂಗತಿಗೆ ಮಾತ್ರ ಬೇಡ. ಯಾವ ಬಣ್ಣ ಹಚ್ಚಬೇಕೆಂದು ನಿಮಗೇ ತಿಳಿಯದ ವಾಕ್ಯಗಳು ಸಿಗುತ್ತವಲ್ಲ, ಅವುಗಳಿಗಾಗಿ ಮೂಲಕ್ಕೆ ವಾಪಸ್ ಹೋಗಿ. ಅಂಥ ವಾಕ್ಯದಲ್ಲಿ ಸಾಮಾನ್ಯವಾಗಿ ಮೂಲದ ರಚನೆ ಹಾಗೆಯೇ ಉಳಿದು, ನಾಲ್ಕೈದು ಪದಗಳಷ್ಟೇ ಬದಲಾಗಿರುತ್ತವೆ. ಆಕರ ಕೊಟ್ಟಿದ್ದರೂ ಅದನ್ನು ಕೃತಿಚೌರ್ಯ ಎಂದೇ ಪರಿಗಣಿಸಬಹುದು. ಮೂಲವನ್ನು ಓದಿ, ಮುಚ್ಚಿಟ್ಟು, ನೆನಪಿನಿಂದ ಬರೆದು, ಆಮೇಲೆ ತೆರೆದು ಹೋಲಿಸಿ ನೋಡುವುದೇ ಇದಕ್ಕೆ ಮದ್ದು.

ಎಂಟು ವಾಕ್ಯದ ಪ್ಯಾರಾ ಬರೆದು ಕೊನೆಗೆ ಒಂದೇ ಆವರಣದಲ್ಲಿ ಲೇಖಕರ ಹೆಸರು ಹಾಕುವುದೂ ಸರಿಯಲ್ಲ. ಅವರ ಮಾತು ಎಲ್ಲಿಗೆ ಮುಗಿಯಿತು, ನಿಮ್ಮದು ಎಲ್ಲಿಂದ ಶುರುವಾಯಿತು ಎಂದು ಓದುವವರಿಗೆ ತಿಳಿಯುವುದಿಲ್ಲ. ಮೊದಲ ವಾಕ್ಯದಲ್ಲೇ ಲೇಖಕರ ಹೆಸರು ತಂದು, "ಅವರ ಪ್ರಕಾರ", "ಇದೇ ಅಧ್ಯಯನದಲ್ಲಿ" ಎಂದು ಜೊತೆಗೇ ನಡೆಸಿಕೊಂಡು ಹೋಗಿ.

ಉತ್ತರ: ಮೊದಲು ಎಪಿಎ ಯಾವ ಆವೃತ್ತಿ ಎಂದು ಗೈಡ್ ಹತ್ತಿರ ಖಚಿತಪಡಿಸಿಕೊಳ್ಳಿ. ಈಗ ನಡೆಯುತ್ತಿರುವುದು 2019ರಲ್ಲಿ ಬಂದ 7ನೆಯದು. ಆದರೆ ಇಂಟರ್‌ನೆಟ್‌ನಲ್ಲಿ ಸಿಗುವ ಎಷ್ಟೋ ಮಾದರಿಗಳು 6ನೆಯದರವು. ಎರಡೂ ಬೆರೆತ ಪಟ್ಟಿ ಪರಿಣತರ ಕಣ್ಣಿಗೆ ತಕ್ಷಣ ಬೀಳುತ್ತದೆ. 7ರಲ್ಲಿ ಪುಸ್ತಕಕ್ಕೆ ಪ್ರಕಾಶನದ ಊರಿನ ಹೆಸರು ಬೇಡ, ಪ್ರಕಾಶಕರ ಹೆಸರು ಸಾಕು. ಮೂರು ಅಥವಾ ಹೆಚ್ಚು ಲೇಖಕರಿದ್ದರೆ ಪ್ರಬಂಧದ ಒಳಗಡೆ ಮೊದಲ ಸಲವೇ ಒಬ್ಬರ ಹೆಸರು ಕೊಟ್ಟು "ಮತ್ತು ಇತರರು" ಎನ್ನಬಹುದು. ಕೊನೆಯ ಪಟ್ಟಿಯಲ್ಲಿ ಮಾತ್ರ 20 ಲೇಖಕರವರೆಗೂ ಎಲ್ಲರ ಹೆಸರೂ ಬರಬೇಕು.

ಡಿಎನ್‌ಎ ರಚನೆಯನ್ನು ತಿಳಿಸಿದ ಹೆಸರಾಂತ ಲೇಖನವನ್ನೇ ಮಾದರಿಗೆ ತೆಗೆದುಕೊಳ್ಳಿ: ವಾಟ್ಸನ್, ಜೆ. ಡಿ., & ಕ್ರಿಕ್, ಎಫ್. ಎಚ್. ಸಿ. (1953). ಲೇಖನದ ಶೀರ್ಷಿಕೆ. ನೇಚರ್, 171(4356), 737–738. ಕೊನೆಗೆ ಡಿಒಐ (ಲೇಖನಕ್ಕೆ ಕೊಡುವ ಶಾಶ್ವತ ಗುರುತಿನ ಸಂಖ್ಯೆ), ಪೂರ್ತಿ ಲಿಂಕ್ ರೂಪದಲ್ಲಿ. 171 ಸಂಪುಟ, ಪತ್ರಿಕೆಯ ಹೆಸರಿನ ಜೊತೆ ಅದೂ ಓರೆ ಅಕ್ಷರದಲ್ಲಿರಬೇಕು. ಆವರಣದೊಳಗಿನ 4356 ಸಂಚಿಕೆ, ಅದು ನೇರ ಅಕ್ಷರ, ನಡುವೆ ಜಾಗವಿಲ್ಲ. ಇಲ್ಲಿ ಪುಟಗಳ ಹಿಂದೆ "ಪು." ಬರುವುದಿಲ್ಲ. ಪ್ರಬಂಧದ ಒಳಗೆ ಉದ್ಧರಿಸುವಾಗ ಬರುತ್ತದೆ: (ವಾಟ್ಸನ್ & ಕ್ರಿಕ್, 1953, ಪು. 737). ಉದ್ಧರಣೆ 40 ಪದ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಉದ್ಧರಣ ಚಿಹ್ನೆ ತೆಗೆದು, ಅರ್ಧ ಇಂಚು ಒಳಸರಿಸಿ ಪ್ರತ್ಯೇಕ ಖಂಡವಾಗಿ ಕೊಡಬೇಕು.

ಪುಟಸಂಖ್ಯೆ ಇಲ್ಲದ ನೋಟ್ಸ್ ಬಗ್ಗೆ: ಅಕ್ಷರಶಃ ಉದ್ಧರಣೆಗೆ ಪುಟಸಂಖ್ಯೆ ಕಡ್ಡಾಯ. ಸಿಗದಿದ್ದರೆ ಆ ಉದ್ಧರಣೆಯನ್ನು ಕೈಬಿಡುವುದೇ ವಾಸಿ. ಪುಟಗಳೇ ಇಲ್ಲದ ವೆಬ್ ಬರಹವಾದರೆ ಉಪಶೀರ್ಷಿಕೆ ಹೇಳಿ ಅದರಡಿಯ ಎಷ್ಟನೇ ಪ್ಯಾರಾ ಎಂದು ಕೊಡಿ. ಸ್ವಂತ ಮಾತಿನಲ್ಲಿ ಹೇಳಿದ್ದಕ್ಕೆ ಎಪಿಎ ಪುಟಸಂಖ್ಯೆ ಕೇಳುವುದಿಲ್ಲ. ಆದರೂ 400 ಪುಟದ ಪುಸ್ತಕದ ಒಂದು ವಾದವನ್ನು ತಂದಿದ್ದರೆ ಪುಟ ಕೊಡದಿರುವುದು ಓದುಗರಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಉತ್ತರ: ಮೇಲಿನವರ ಕೊನೆಯ ಮಾತು ಮಾನವಿಕ ವಿಷಯಗಳಿಗೆ ನೂರಕ್ಕೆ ನೂರು ಸರಿ. ವಿಜ್ಞಾನದ ನಾಲ್ಕು ಪುಟದ ಲೇಖನಕ್ಕೆ ಅಷ್ಟು ಹಟ ಬೇಕಿಲ್ಲ.

ಇನ್ನೊಂದು ಕಡೆ ಎಡವುವವರು ಬಹಳ: ಆಕರದೊಳಗಿನ ಆಕರ. 2015ರ ಪುಸ್ತಕವೊಂದು 1960ರ ಅಧ್ಯಯನವನ್ನು ಹೆಸರಿಸಿದೆ, ನೀವು ಓದಿದ್ದು 2015ರ ಪುಸ್ತಕವನ್ನು ಮಾತ್ರ. ಆಗ 1960ರದನ್ನು ಪಟ್ಟಿಗೆ ಸೇರಿಸಿದರೆ, ಓದದೇ ಇರುವುದನ್ನು ಓದಿದ್ದೇನೆ ಎಂದಂತಾಗುತ್ತದೆ. ಮೂಲ ಸಿಕ್ಕರೆ ತೆಗೆದು ಓದಿ, ಹೇಳಿಕೆ ಅಲ್ಲಿ ಬೇರೆಯೇ ಆಗಿರುವುದುಂಟು. ಸಿಗದಿದ್ದರೆ ಒಳಗೆ ಇಬ್ಬರನ್ನೂ ಹೆಸರಿಸಿ "ಇಂಥವರಲ್ಲಿ ಉಲ್ಲೇಖಿತ" ಎನ್ನಿ, ಪಟ್ಟಿಗೆ 2015ರದು ಮಾತ್ರ ಹೋಗಲಿ.

ಸಂಪಾದಿತ ಗ್ರಂಥದಲ್ಲಿ ಮುಖಪುಟದ ಹೆಸರನ್ನು ಎತ್ತಿಕೊಳ್ಳಬೇಡಿ. ನೀವು ಬಳಸಿದ ಅಧ್ಯಾಯವನ್ನು ಬರೆದವರೇ ಲೇಖಕರು. ಸಂಪಾದಕರ ಹೆಸರು, ಗ್ರಂಥದ ಹೆಸರು, ಅಧ್ಯಾಯದ ಪುಟಗಳು ಆಮೇಲೆ ಬರುತ್ತವೆ. ಮರುಮುದ್ರಣಗೊಂಡ ಹಳೆಯ ಕೃತಿಗೆ ಒಳಗಡೆ ಎರಡೂ ವರ್ಷ ಕೊಡಬೇಕು, ನಡುವೆ ಓರೆಗೆರೆ ಹಾಕಿ. ಇಲ್ಲದಿದ್ದರೆ ನೂರು ವರ್ಷದ ಹಿಂದಿನ ವಿಚಾರ ನಿನ್ನೆಯದೆಂಬಂತೆ ಕಾಣುತ್ತದೆ. ಒಬ್ಬರೇ ಲೇಖಕರು ಒಂದೇ ವರ್ಷ ಎರಡು ಬರೆದಿದ್ದರೆ ವರ್ಷದ ಅಂಕಿಯ ಕೊನೆಗೆ ಎ, ಬಿ ಎಂದು ಗುರುತು ಹಾಕಿ.

ಉತ್ತರ: ಸಾಫ್ಟ್‌ವೇರ್ ಖಂಡಿತ ಬಳಸಿ. ಆಕರಗಳನ್ನು ಜೋಡಿಸಿಕೊಡುವ ಝೊಟೆರೊ ಉಚಿತವಾಗಿ ಸಿಗುತ್ತದೆ, ಕಲಿಯಲೂ ಕಷ್ಟವಿಲ್ಲ. ಆದರೆ "ಸಾಕೇ" ಎಂದರೆ ಸಾಲದು. ಅದು ಜೋಡಿಸಿಕೊಡುತ್ತದೆಯೇ ಹೊರತು, ಒಳಗೆ ಹೋದ ಮಾಹಿತಿ ತಪ್ಪಿದ್ದರೆ ತಿದ್ದುವುದಿಲ್ಲ.

ಆಕರ ಸೇರಿಸುವಾಗ ಪಿಡಿಎಫ್ ತೆರೆದ ಪುಟದಿಂದ ಸೇರಿಸುವ ಬದಲು ಲೇಖನದ ಸಾರಾಂಶವಿರುವ ಪುಟದಿಂದ ಬ್ರೌಸರ್‌ನ ಝೊಟೆರೊ ಬಟನ್ ಒತ್ತಿ. ಇಲ್ಲವೇ ಡಿಒಐ ಅಥವಾ ಪುಸ್ತಕದ ಐಎಸ್‌ಬಿಎನ್ ಸಂಖ್ಯೆ ಕೊಟ್ಟು ತರಿಸಿಕೊಳ್ಳಿ. ನಿಮ್ಮ "ಬರೀ ಲಿಂಕ್" ಆಕರಗಳಲ್ಲಿ ಹೆಚ್ಚಿನವು ಹೀಗೇ ಸರಿಹೋಗುತ್ತವೆ. ಸೇರಿಸಿದ ಕೂಡಲೇ ಪ್ರತಿಯೊಂದನ್ನೂ ತೆರೆದು ನೋಡಿ. ಲೇಖಕರ ಜಾಗದಲ್ಲಿ ಸಂಸ್ಥೆಯಿದ್ದರೆ ಹೆಸರನ್ನು ಒಂದೇ ಖಾನೆಗೆ ಬದಲಿಸಿ. ಎರಡು ಖಾನೆಯಲ್ಲಿ ಬಿಟ್ಟರೆ ಅದು ಸಂಸ್ಥೆಯ ಹೆಸರನ್ನು ವ್ಯಕ್ತಿಯ ಹೆಸರಿನಂತೆ ಮುರಿದು ತಿರುವಿಹಾಕುತ್ತದೆ. ಕುಲನಾಮವಿಲ್ಲದೆ ಇನಿಶಿಯಲ್ ಮಾತ್ರ ಇರುವ ಹೆಸರುಗಳಲ್ಲೂ ಯಾವುದು ಯಾವ ಖಾನೆಗೆ ಎಂದು ಕೈಯಾರೆ ನೋಡಬೇಕು. ಇಲ್ಲದಿದ್ದರೆ ಪಟ್ಟಿ ಇನಿಶಿಯಲ್ ಹಿಡಿದು ಅಕಾರಾದಿಯಾಗುತ್ತದೆ. ಇಂಗ್ಲಿಷ್ ಶೀರ್ಷಿಕೆಗಳಲ್ಲಿ ಪ್ರತಿ ಪದವೂ ದೊಡ್ಡಕ್ಷರದಿಂದ ಶುರುವಾಗಿದ್ದರೆ, ಮೊದಲ ಪದ, ಉಪಶೀರ್ಷಿಕೆಯ ಮೊದಲ ಪದ, ಅಂಕಿತನಾಮ ಇವಿಷ್ಟನ್ನು ಬಿಟ್ಟು ಉಳಿದದ್ದನ್ನು ಚಿಕ್ಕಕ್ಷರ ಮಾಡಿ. ಎಪಿಎ ಕೇಳುವುದು ಅದನ್ನೇ.

ವರ್ಡ್‌ನಲ್ಲಿ ಝೊಟೆರೊ ಹಾಕಿದ ಆವರಣದೊಳಗೆ ಕೈಯಿಂದ ಏನನ್ನೂ ಟೈಪ್ ಮಾಡಬೇಡಿ. ರಿಫ್ರೆಶ್ ಮಾಡಿದಾಗ ಅಳಿಸಿಹೋಗಬಹುದು. ಪುಟಸಂಖ್ಯೆಗೆ ಅದರದೇ ಕಿಟಕಿಯಲ್ಲಿ ಜಾಗವಿದೆ.

ಪ್ರಶ್ನೆ ಕೇಳಿದವರು: ತುಂಬಾ ಧನ್ಯವಾದಗಳು. ಎಐ ಚಾಟ್‌ಬಾಟ್ ಸೂಚಿಸಿದ್ದ ಎರಡು ಲೇಖನಗಳು ಎಲ್ಲೂ ಸಿಗುತ್ತಿಲ್ಲ, ಏನು ಮಾಡಲಿ? ಇನ್ನು ಮೂರು ಲಿಂಕ್ ತೆರೆಯುತ್ತಲೇ ಇಲ್ಲ.

ಉತ್ತರ: ಆ ಎರಡು ಲೇಖನಗಳು ಬಹುಶಃ ಹುಟ್ಟೇ ಇಲ್ಲ. ಚಾಟ್‌ಬಾಟ್‌ಗಳು ನಿಜವಾದ ಪತ್ರಿಕೆಯ ಹೆಸರಿಗೆ ನಿಜವಾದ ಸಂಶೋಧಕರ ಹೆಸರು ಜೋಡಿಸಿ ಇಲ್ಲದ ಲೇಖನವನ್ನು ಹೇಳಿಬಿಡುತ್ತವೆ. ಡಿಒಐ ತೆರೆದುಕೊಂಡಿತು ಎಂದೂ ನಂಬಬೇಡಿ, ಅದು ಬೇರೆ ಯಾವುದೋ ಲೇಖನಕ್ಕೆ ಹೋಗಿರಬಹುದು. ಪತ್ರಿಕೆಯ ತಾಣದಲ್ಲಿ ಆ ಸಂಪುಟ, ಆ ಸಂಚಿಕೆಯ ಪರಿವಿಡಿ ತೆರೆದು, ಹೇಳಿದ ಪುಟದಲ್ಲಿ ಏನಿದೆ ನೋಡಿ. ಇಲ್ಲವಾದರೆ ಆಕರವನ್ನೂ ತೆಗೆಯಿರಿ, ಅದನ್ನು ನೆಚ್ಚಿ ಬರೆದ ವಾಕ್ಯವನ್ನೂ ತೆಗೆಯಿರಿ. ವಾಕ್ಯ ಉಳಿಸಿಕೊಂಡು ಬೇರೆ ಆಕರ ಅಂಟಿಸುವುದು ಇನ್ನೊಂದು ತಪ್ಪು. ಹಾಗೆಯೇ, ನಿಜವಾಗಿ ಪ್ರಕಟವಾಗಿ ಆಮೇಲೆ ಹಿಂತೆಗೆದುಕೊಂಡ ಲೇಖನಗಳೂ ಇರುತ್ತವೆ. ರಿಟ್ರ್ಯಾಕ್ಷನ್ ವಾಚ್ ದತ್ತಸಂಚಯದಲ್ಲಿ ಹುಡುಕಿ ನೋಡಿ, ಝೊಟೆರೊ ಕೂಡ ಅಂಥವಕ್ಕೆ ಎಚ್ಚರಿಕೆ ತೋರಿಸುತ್ತದೆ.

ತೆರೆಯದ ಲಿಂಕ್‌ಗಳನ್ನು ವೆಬ್ ಪುಟಗಳ ಹಳೆಯ ಪ್ರತಿ ಇಟ್ಟುಕೊಳ್ಳುವ ವೇಬ್ಯಾಕ್ ಮಷೀನ್‌ನಲ್ಲಿ ಹಾಕಿ. ಹಳೆಯ ಪ್ರತಿ ಸಿಕ್ಕರೆ ಅದರ ವಿಳಾಸವನ್ನೇ ಕೊಡಬಹುದು. ಈಗ ತೆರೆಯುತ್ತಿರುವ ಪುಟಗಳನ್ನೂ ಅಲ್ಲೇ ಉಳಿಸಿಡಿ. "ಇಂಥ ದಿನ ನೋಡಿದ್ದು" ಎಂಬ ದಿನಾಂಕ ಆಗಾಗ ಬದಲಾಗುವ ಪುಟಗಳಿಗೆ ಮಾತ್ರ ಬೇಕು.

ಒಪ್ಪಿಸುವ ಹಿಂದಿನ ದಿನ ಪಟ್ಟಿಯನ್ನು ಮುದ್ರಿಸಿಕೊಂಡು ಕೂತು, ಪ್ರಬಂಧದಲ್ಲಿ ಆವರಣದ ಚಿಹ್ನೆಯನ್ನು ಹುಡುಕುತ್ತಾ ಹೋಗಿ. ಸಿಕ್ಕ ಪ್ರತಿ ಹೆಸರು, ವರ್ಷಕ್ಕೆ ಪಟ್ಟಿಯಲ್ಲಿ ಟಿಕ್ ಹಾಕಿ. "ಅವರ ಪ್ರಕಾರ" ಎಂದು ಆವರಣದ ಹೊರಗೆ ಹೆಸರು ಬಂದ ಕಡೆಯೂ ವರ್ಷ ಆವರಣದಲ್ಲೇ ಇರುವುದರಿಂದ ಅದೂ ಸಿಗುತ್ತದೆ. ಟಿಕ್ ಬೀಳದೆ ಉಳಿದವು ನೀವು ಓದಿದವೇ ಆಗಿದ್ದರೂ ಎಪಿಎ ಪಟ್ಟಿಯಲ್ಲಿ ಇರುವಂತಿಲ್ಲ. 30 ಇದ್ದದ್ದು 21ಕ್ಕೆ ಇಳಿದರೂ ಹೆದರಬೇಡಿ. ಸಂದರ್ಶನ, ಇಮೇಲ್‌ನಂಥ ಖಾಸಗಿ ಸಂವಹನಗಳು ಒಳಗೆ ಮಾತ್ರ ಬರುತ್ತವೆ, ಪಟ್ಟಿಗೆ ಹೋಗುವುದಿಲ್ಲ.